ಹಗುರ ಸೆಲ್ಲಿನ ಬೆಳಕು

ಟಾರ್ಚು ಆರಿಹೋಗುವುದು ದೊಡ್ಡ ಸುದ್ದಿಯೇನಲ್ಲ. ಎಲ್ಲರ ಮನೆಯಲ್ಲೂ ಆರುತ್ತದೆ. ಅಂಗೈಗೆ ಎರಡು ಸಲ ಬಡಿಯುತ್ತೇವೆ, ಹಿಂದಿನ ಮುಚ್ಚಳ ಬಿಗಿ ಮಾಡುತ್ತೇವೆ, ಸೆಲ್ಲು ತೆಗೆದು ಉಜ್ಜಿ ಮತ್ತೆ ಹಾಕುತ್ತೇವೆ, ಬೈಯುತ್ತೇವೆ, ಮರೆಯುತ್ತೇವೆ. ಆದರೆ ಒಂದು ಗುರುವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಆರಿದ ಒಂದು ಟಾರ್ಚನ್ನು ಈ ಮನೆಯವರು ಮರೆಯುವ ಹಾಗಿರಲಿಲ್ಲ.

ಬೇಕರಿಯಲ್ಲಿ ಅವಳನ್ನು ಎಲ್ಲರೂ ತಕ್ಕಡಿ ಅಕ್ಕ ಎನ್ನುತ್ತಾರೆ. ನಾದಿದ ಹಿಟ್ಟನ್ನು ಬ್ರೆಡ್ಡಿನ ಅಳತೆಗೆ ಕತ್ತರಿಸಿ ತೂಗುವುದು ಅವಳ ಕೆಲಸ. ಹದಿನಾಲ್ಕು ವರ್ಷದಿಂದ ಅದೇ ಮೇಜು, ಅದೇ ಕತ್ತಿ. ಹಿಟ್ಟಿನ ತುಂಡು ಅಂಗೈಗೆ ಬಂದರೆ ಸಾಕು, ಐದು ಗ್ರಾಂ ಹೆಚ್ಚೋ ಕಡಿಮೆಯೋ ಎಂದು ಕೈಯೇ ಹೇಳುತ್ತದೆ. ತಕ್ಕಡಿ ಆಮೇಲೆ ಹೌದು ಎನ್ನುತ್ತದೆ. ಅಂದು ಬೆಳಗಿನ ಪಾಳಿ ಮುಗಿಸಿ ಬಂದು, ಮೊಣಕೈಗೆ ಒಣಗಿ ಅಂಟಿದ ಹಿಟ್ಟನ್ನು ತೊಳೆಯುತ್ತಿದ್ದಳು. ಬಾಗಿಲು ತೆರೆದು ಗಂಡ ಒಳಗೆ ಬಂದ. ಅಂಗಿಯ ಎಡತೋಳು ಭುಜದಿಂದ ಮೊಣಕೈವರೆಗೆ ಹರಿದಿತ್ತು. ಒಳಗಿನ ಚರ್ಮ ಸುಲಿದು, ಗ್ರೀಸೂ ರಕ್ತವೂ ಸೇರಿ ಕಪ್ಪಾಗಿತ್ತು. ಅವನ ಹಿಂದೆ ಅವಳ ತಮ್ಮ. ತಮ್ಮನ ಮೈಮೇಲೆ ಒಂದು ಗೀರೂ ಇರಲಿಲ್ಲ. ಆದರೂ ಇಬ್ಬರಲ್ಲಿ ಹೆಚ್ಚು ಪೆಟ್ಟು ತಿಂದವನಂತೆ ಕಾಣುತ್ತಿದ್ದವನು ಅವನೇ.

ಗಂಡ ಲಿಫ್ಟ್ ರಿಪೇರಿ ಮಾಡುವ ಮೇಸ್ತ್ರಿ. ತಮ್ಮ ಎಂಟು ವರ್ಷದಿಂದ ಅವನ ಜೋಡಿ. ಅವಳು ಬಿಸಿನೀರಲ್ಲಿ ಬಟ್ಟೆ ಅದ್ದಿ ಗಾಯ ಒರೆಸುತ್ತ ಕೂತಾಗ ಮೇಸ್ತ್ರಿ ನಡೆದದ್ದನ್ನು ಹೇಳಿದ. ದೊಡ್ಡದನ್ನು ಚಿಕ್ಕದು ಮಾಡಿ ಹೇಳುವುದು ಅವನ ಅಭ್ಯಾಸ. ಅದಕ್ಕೆ ಅವಳು ಒಂದೊಂದನ್ನೂ ಎರಡೆರಡು ಸಲ ಕೇಳಿ ಹೊರತೆಗೆಯಬೇಕಾಯಿತು.

ಏಳು ಮಹಡಿಯ ಕಚೇರಿ ಕಟ್ಟಡ. ಲಿಫ್ಟು ಓಡಾಡುವ ಬಾವಿಯಂಥ ಜಾಗದ ತಳದಲ್ಲಿ ಒಂದು ಗುಂಡಿ ಇರುತ್ತದೆ. ಅದಕ್ಕೆ ಇಳಿದವರು ಮೊದಲು ಒತ್ತಲೆಂದೇ ಒಂದು ಕೆಂಪು ಸ್ವಿಚ್ಚು. ಅದನ್ನು ಒತ್ತಿದರೆ ಲಿಫ್ಟು ಅಲುಗಾಡುವುದಿಲ್ಲ. ಆ ಸ್ವಿಚ್ಚೇ ಕೆಟ್ಟಿತ್ತು. ಅದನ್ನು ಬದಲಾಯಿಸಲು ಮೇಸ್ತ್ರಿ ಗುಂಡಿಗೆ ಇಳಿದಿದ್ದ. ಬಾಮೈದ ಲಿಫ್ಟಿನ ನೆತ್ತಿಯ ಮೇಲೆ ನಿಂತು ಉಕ್ಕಿನ ಹಗ್ಗಗಳನ್ನು ನೋಡುತ್ತಿದ್ದ. ಲಿಫ್ಟನ್ನು ನಿಧಾನವಾಗಿ ಇಳಿಸುವ ಬಟನ್ನು ಅವನ ಕೈಯಲ್ಲಿ. ಪಕ್ಕದ ಗೋಡೆಯನ್ನು ಯಾರೋ ಮೆಷಿನ್ನಿನಿಂದ ಕೊರೆಯುತ್ತಿದ್ದರು. ಕೂಗಿದರೆ ಕೇಳುವ ಹಾಗಿರಲಿಲ್ಲ.

ಅಂಥ ಸದ್ದಿನ ಜಾಗಗಳಿಗಾಗಿ ಇಬ್ಬರೂ ತಮ್ಮದೇ ಒಂದು ರೂಢಿ ಮಾಡಿಕೊಂಡಿದ್ದರು. ಲಿಫ್ಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಕೆಳಗಿನಿಂದ ಟಾರ್ಚಿನ ಬೆಳಕು ಬರುತ್ತಿದ್ದರೆ ಮೇಸ್ತ್ರಿ ಗುಂಡಿಯಲ್ಲಿದ್ದಾನೆ. ಬೆಳಕು ಹೋದರೆ ಅವನು ಹತ್ತಿ ಹೊರಗೆ ಬಂದ, ಲಿಫ್ಟು ಇಳಿಸಬಹುದು. ಎಂಟು ವರ್ಷದಲ್ಲಿ ಒಮ್ಮೆಯೂ ಈ ಲೆಕ್ಕ ತಪ್ಪಿರಲಿಲ್ಲ.

ಅಂದು ಬೆಳಕು ಹೋಯಿತು. ಮೇಸ್ತ್ರಿ ಮಾತ್ರ ಗುಂಡಿಯಲ್ಲೇ ಇದ್ದ.

ಮೋಟರಿನ ಗುಂಯ್ ಎನ್ನುವ ಸದ್ದು ಲಿಫ್ಟು ಜಾರುವ ಕಂಬಿಯಲ್ಲಿ ಇಳಿದು ಬಂದಾಗ ಅವನಿಗೆ ಗೊತ್ತಾಯಿತು. ಗುಂಡಿಯ ತಳದಲ್ಲಿದ್ದ ದೊಡ್ಡ ಸ್ಪ್ರಿಂಗಿನ ಪಕ್ಕಕ್ಕೆ ಬಿದ್ದು ನೆಲಕ್ಕೆ ಅಂಟಿಕೊಂಡ. ಲಿಫ್ಟಿನ ತಳ ಭುಜವನ್ನು ಸವರಿತು. ಕೈಗೆ ಸಿಕ್ಕಿದ ಸ್ಪ್ಯಾನರಿನಿಂದ ಕಂಬಿಗೆ ಬಡಿದ. ಆ ಬಡಿತ ಕಾಲಿನಡಿ ನಡುಗಿದಂತಾಗಿ ಬಾಮೈದ ಬಟನ್ನು ಬಿಟ್ಟ. ಇಷ್ಟೇ.

ಅವಳ ಸಿಟ್ಟು ಮೊದಲು ತಿರುಗಿದ್ದು ತಮ್ಮನ ಮೇಲೆ.

"ಕೆಳಗೆ ಯಾರಿದಾರೆ ಅಂತ ನೋಡದೆ ಒತ್ತಿಬಿಟ್ಯೇನೋ?"

"ನೋಡಿದೆ ಅಕ್ಕ," ಎಂದ ಅವನು, ನೆಲ ನೋಡುತ್ತ. "ನೋಡೇ ಒತ್ತಿದ್ದು. ಕತ್ತಲೆ ಇತ್ತು. ಕತ್ತಲೆ ಇದ್ರೆ ಭಾವ ಮೇಲೆ ಬಂದಿದಾನೆ ಅಂತ."

ಗಂಡನೂ ಅವಳವನು, ತಮ್ಮನೂ ಅವಳವನು. ಒಬ್ಬ ಇನ್ನೊಬ್ಬನನ್ನು ಕೊಂದುಬಿಡುತ್ತಿದ್ದ. ಇಬ್ಬರದೂ ತಪ್ಪಿಲ್ಲದ ಹಾಗೆ ಕೊಲ್ಲುತ್ತಿದ್ದ. ಸಿಟ್ಟಿಗೆ ಹೋಗಲು ಒಂದು ಜಾಗ ಬೇಕಿತ್ತು. ಜಾಗ ತೋರಿಸಿದವನು ಮೇಸ್ತ್ರಿಯೇ. ಜೇಬಿನಿಂದ ಟಾರ್ಚು ತೆಗೆದು, ಒಳಗಿನ ಎರಡು ಸೆಲ್ಲುಗಳನ್ನು ಕೊಡವಿ ಕಸದ ಬುಟ್ಟಿಯತ್ತ ಎಸೆಯಲು ಕೈ ಎತ್ತಿದ. ಗೋಡೆ ಗಡಿಯಾರಕ್ಕೆ ಹಾಕುವ ಅಳತೆಯವು, ಚಾರ್ಜು ಮಾಡುವಂಥವು. ನಾಲ್ಕು ತಿಂಗಳ ಹಿಂದೆ ಚಾರ್ಜರಿನ ಸಮೇತ ತಂದಿದ್ದ.

"ಹಳೇ ಸೆಲ್ಲು ಸಾಯೋ ಮುಂಚೆ ಹೇಳ್ತಿತ್ತು ಕಣೇ," ಎಂದ. "ಮಂಕಾಗೋದು, ಹಳದಿ ಆಗೋದು, ಆಮೇಲೆ ಹೋಗೋದು. ಇದು ಬೆಳ್ಳಗೆ ಉರೀತಾ ಇದ್ದದ್ದು ಪಟ್ ಅಂತ ಹೋಯ್ತು. ಈ ಚಾರ್ಜಿನ ಸೆಲ್ಲಿನ ಸಹವಾಸವೇ ಬೇಡ."

ಅವಳು ಕೈ ಹಿಡಿದು ಸೆಲ್ಲುಗಳನ್ನು ಕಿತ್ತುಕೊಂಡಳು. ಅಂಗೈಗೆ ಬಂದ ತಕ್ಷಣ ಏನೋ ಸರಿಯಿಲ್ಲ ಎನಿಸಿತು. ಮೈಮೇಲೆ ಕೆಂಪು ಬಂಗಾರದ ಬಣ್ಣ, ದಪ್ಪ ಅಕ್ಷರದಲ್ಲಿ 4700 ಎಂಬ ಸಂಖ್ಯೆ. ಒಳಗೆ ಮಾತ್ರ ಹುಳ ತಿಂದ ಕಾಳಿನಷ್ಟು ಹಗುರ. ಬೇಕರಿಯವರು ಹಳತೆಂದು ಕೊಟ್ಟಿದ್ದ ಸಣ್ಣ ತಕ್ಕಡಿ ಅಡುಗೆಮನೆಯಲ್ಲಿತ್ತು. ಇಟ್ಟು ನೋಡಿದಳು. ಒಂದು ಹದಿನಾರು ಗ್ರಾಂ, ಇನ್ನೊಂದು ಹದಿನೈದು. ಎಷ್ಟಿರಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಕೆಳಮನೆಯಲ್ಲಿದ್ದರು.

ಕೆಳಮನೆಯವರು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯ ನೋಡಿಕೊಂಡಿದ್ದು ನಿವೃತ್ತರಾದ ಹೆಂಗಸು. ಯಾರ ಮನೆಯ ಇಸ್ತ್ರಿಪೆಟ್ಟಿಗೆ ಕೆಟ್ಟರೂ ಕೈಚೀಲದಿಂದ ಮೀಟರ್ ತೆಗೆಯುತ್ತಿದ್ದರಿಂದ ಓಣಿಗೆಲ್ಲ ಮೀಟರ್ ಮೇಡಂ. ಅವರು ತಮ್ಮ ಟಾರ್ಚಿನಿಂದ ಅದೇ ಅಳತೆಯ ಚಾರ್ಜಿನ ಸೆಲ್ಲೊಂದನ್ನು ತೆಗೆದು ತಕ್ಕಡಿ ಅಕ್ಕನ ಅಂಗೈಗೆ ಇಟ್ಟರು. ಅದು ಕೈಯನ್ನು ಸ್ವಲ್ಪ ಕೆಳಗೆಳೆಯಿತು. ತೂಗಿದರೆ ಇಪ್ಪತ್ತೇಳು ಗ್ರಾಂ. ಅದರ ಮೈಮೇಲೆ ಬರೆದದ್ದು ಮಾತ್ರ 2000.

"ಅರ್ಧ ತೂಕದ್ದು ಎರಡರಷ್ಟು ಹಿಡಿಸುತ್ತೆ ಅಂತಿದೆ ನೋಡಮ್ಮ," ಎಂದರು ಮೇಡಂ. "ಸುಳ್ಳು ಹೇಳೋದಕ್ಕೂ ಒಂದು ಮರ್ಯಾದೆ ಬೇಡವೇ?"

ಆ ಸಂಖ್ಯೆ ಏನೆಂದು ಅವರು ಬಿಡಿಸಿ ಹೇಳಿದರು. ಕೊಡದ ಮೇಲೆ ಇಷ್ಟು ಲೀಟರ್ ಎಂದು ಬರೆದಂತೆ, ಸೆಲ್ಲಿನ ಮೇಲೆ ಅದು ಎಷ್ಟು ವಿದ್ಯುತ್ತು ಹಿಡಿಸುತ್ತದೆ ಎಂದು ಬರೆದಿರುತ್ತದೆ. ಇಷ್ಟು ಗಾತ್ರದ, ನಿಕಲ್ ಮೆಟಲ್ ಹೈಡ್ರೈಡ್ ಎನ್ನುವ ಜಾತಿಯ ಚಾರ್ಜಿನ ಸೆಲ್ಲಿಗೆ ಎರಡು ಸಾವಿರದ ಆಸುಪಾಸು ಪ್ರಾಮಾಣಿಕ ಸಂಖ್ಯೆ. ಎರಡು ಸಾವಿರದ ಏಳೆಂಟು ನೂರಕ್ಕೆ ಹತ್ತಿರ ಹತ್ತಿರ ಮಿತಿ ಮುಗಿಯಿತು. ಅದಕ್ಕಿಂತ ದೊಡ್ಡ ಸಂಖ್ಯೆ ಕಂಡರೆ ಅಲ್ಲಿ ಹಿಡಿಸಿರುವುದು ವಿದ್ಯುತ್ತಲ್ಲ, ಬಣ್ಣ. ತೂಕ ಇಪ್ಪತ್ತೈದು ಗ್ರಾಮಿಗಿಂತ ತುಂಬ ಕಡಿಮೆ ಇದ್ದರೆ ಒಳಗಿನ ಸಾಮಾನೇ ಕಡಿಮೆ.

ತಕ್ಕಡಿ ಅಕ್ಕನ ಕಿವಿ ಬಿಸಿಯಾಯಿತು. ಅವಳ ಬೇಕರಿಯಲ್ಲಿ ಒಂದು ಬ್ರೆಡ್ಡು ಹತ್ತು ಗ್ರಾಂ ಕಡಿಮೆ ಬಂದರೆ ಗಿರಾಕಿ ಕೌಂಟರಿನ ಮೇಲೆ ಕುಕ್ಕಿ ಜಗಳಕ್ಕೆ ನಿಲ್ಲುತ್ತಾನೆ. ಬ್ರೆಡ್ಡು ಕಡಿಮೆಯಾದರೆ ಒಂದು ತುತ್ತು ಕಡಿಮೆ. ಇಲ್ಲಿ ಅರ್ಧಕ್ಕರ್ಧ ಕದ್ದು, ಅದರ ಮೇಲೆ ದುಪ್ಪಟ್ಟು ಬರೆದು, ಗುಂಡಿಗೆ ಇಳಿಯುವ ಮನುಷ್ಯನ ಜೇಬಿಗೆ ಹಾಕಿ ಕಳಿಸಿದ್ದಾರೆ. ಯಾರೂ ಯಾವ ಕೌಂಟರಿಗೂ ಕುಕ್ಕಿಲ್ಲ.

ಮೇಡಂ ಚಾರ್ಜರನ್ನೂ ತರಿಸಿ ನೋಡಿದರು. ಗೋಡೆಗೆ ಸಿಕ್ಕಿಸುವ ಹಗುರ ಪ್ಲಾಸ್ಟಿಕ್ ಡಬ್ಬಿ, ಒಂದೇ ಒಂದು ಕೆಂಪು ದೀಪ. ಸೆಲ್ಲು ತುಂಬಿದರೂ ಆ ದೀಪ ಉರಿಯುತ್ತದೆ, ತುಂಬದಿದ್ದರೂ ಉರಿಯುತ್ತದೆ. ತುಂಬಿದ್ದು ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಿದರು.

ತಕ್ಕಡಿ ಅಕ್ಕ ನಿಜ ಹೇಳಿದಳು. ಚಾರ್ಜಿಗೆ ಹಾಕುವುದೂ ತೆಗೆಯುವುದೂ ಅವಳ ಕೆಲಸವೇ ಆಗಿತ್ತು. ಬೆಳಗ್ಗೆ ಮುಟ್ಟಿ ನೋಡುತ್ತಿದ್ದಳು. ಸೆಲ್ಲು ಚುರ್ ಎನ್ನುವಷ್ಟು ಬಿಸಿಯಾಗಿದ್ದರೆ ಸರಿಯಾಗಿ ಆಗಿದೆ ಎಂದು ತೆಗೆಯುತ್ತಿದ್ದಳು. ಒಲೆಯಿಂದ ಬಂದ ಬ್ರೆಡ್ಡಿಗೆ ಹಾಗೆಯೇ ತಾನೆ.

ಮೇಡಂ ನಗಲಿಲ್ಲ. ಅದು ಬೆಂದದ್ದಲ್ಲ, ಸೀದದ್ದು ಎಂದರು. ತುಂಬಿದ ಕೊಡಕ್ಕೆ ನಲ್ಲಿ ಬಿಟ್ಟೇ ಇದ್ದರೆ ನೀರು ಹೊರಗೆ ಚೆಲ್ಲುತ್ತದೆ. ತುಂಬಿದ ಸೆಲ್ಲಿಗೆ ವಿದ್ಯುತ್ತು ಬಿಟ್ಟೇ ಇದ್ದರೆ ಅದು ಶಾಖವಾಗಿ ಸೆಲ್ಲನ್ನೇ ಒಳಗಿಂದ ತಿನ್ನುತ್ತದೆ. ಚಾರ್ಜಿನ ಕೊನೆಯಲ್ಲಿ ಸ್ವಲ್ಪ ಬೆಚ್ಚಗಾಗುವುದು ಸಹಜ. ಕೈ ಇಡಲಾಗದಷ್ಟು ಬಿಸಿ ಎಂದರೆ ಚಾರ್ಜರಿಗೆ ನಿಲ್ಲಿಸುವುದು ಗೊತ್ತಿಲ್ಲ ಎಂದರ್ಥ. ನಾಲ್ಕು ತಿಂಗಳಲ್ಲಿ ಮೊದಲೇ ಬಡಕಲಾಗಿದ್ದ ಸೆಲ್ಲು ಇನ್ನಷ್ಟು ಸತ್ತಿತ್ತು.

ಅವಳಿಗೆ ತನ್ನ ಮೇಲೂ ಸಿಟ್ಟು ಬಂತು. ಆದರೆ ಆ ಡಬ್ಬಿಯ ಹಿಂದೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಇಂತಿಷ್ಟು ಗಂಟೆಯಾದ ಮೇಲೆ ನೀವೇ ತೆಗೆಯಿರಿ ಎಂದು ಬರೆದಿರುವುದನ್ನು ಮೇಡಂ ಭೂತಗನ್ನಡಿಯಲ್ಲಿ ತೋರಿಸಿದಾಗ, ಆ ಸಿಟ್ಟಿನ ಬಹುಪಾಲು ಮತ್ತೆ ಸರಿಯಾದ ವಿಳಾಸಕ್ಕೇ ಹೋಯಿತು.

ಮೇಸ್ತ್ರಿಗೆ ಇದೆಲ್ಲ ಹೆಂಗಸರ ಹರಟೆ. ಇಪ್ಪತ್ತೆರಡು ವರ್ಷ ಟಾರ್ಚು ಹಿಡಿದವನಿಗೆ ತಕ್ಕಡಿ ತೋರಿಸುತ್ತಾರೆ ಎಂದು ಗೊಣಗಿದ. ಬಳಸಿ ಬಿಸಾಡುವ ಸೆಲ್ಲೇ ಒಳ್ಳೆಯದು, ಕೊನೇಪಕ್ಷ ಅದು ಹೇಳಿ ಹೋಗುತ್ತದೆ ಎಂದ. ಮೇಡಂ ಅವನ ಮಾತನ್ನು ತಳ್ಳಿಹಾಕಲಿಲ್ಲ. ಹೌದು, ಚಾರ್ಜಿನ ಸೆಲ್ಲು ಕೊನೆಯವರೆಗೂ ಒಂದೇ ಸಮ ಬೆಳಗಿ ಒಮ್ಮೆಲೇ ಕೈಬಿಡುತ್ತದೆ, ಅದು ಅದರ ಗುಣ ಎಂದು ಒಪ್ಪಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಹಳೇ ಸೆಲ್ಲು ಹಳದಿ ಆದ ತಕ್ಷಣ ಬದಲಾಯಿಸ್ತಿದ್ರಾ, ಮೇಸ್ತ್ರಿ?"

ಅವನು ಕಿಟಕಿ ಕಡೆ ನೋಡಿದ. ಇನ್ನೂ ಎರಡು ದಿನ ತಳ್ಳುತ್ತಿದ್ದ ಎಂದು ಅವನ ಪರವಾಗಿ ಹೆಂಡತಿ ಹೇಳಿದಳು. ಒಂದು ಹೊಸದು, ಒಂದು ಹಳೆಯದು ಹಾಕಿಯೂ ತಳ್ಳುತ್ತಿದ್ದ. ಇವನ ಸೆಲ್ಲು ತಮ್ಮನ ಟಾರ್ಚಿಗೆ, ತಮ್ಮನದು ಇವನ ಟಾರ್ಚಿಗೆ. ಇದನ್ನು ಕೇಳಿ ಮೇಡಂ ಹಣೆ ಒತ್ತಿಕೊಂಡರು. ತುಂಬಿದ ಸೆಲ್ಲೂ ಖಾಲಿ ಸೆಲ್ಲೂ ಒಂದೇ ಟಾರ್ಚಿನಲ್ಲಿ ಕೂತರೆ, ಬಲವಾದದ್ದು ಬಡವಾದದ್ದನ್ನು ಎಳೆದಾಡಿ ಕೆಡಿಸುತ್ತದೆ. ಸೋರಿ ಟಾರ್ಚೂ ಹಾಳು. ಬಿಸಾಡುವ ಸೆಲ್ಲಿನಲ್ಲಿ ಕೊನೆಯ ಹನಿ ಹಿಂಡುವ ಆಸೆ ಯಾರನ್ನೂ ಬಿಡುವುದಿಲ್ಲ. ಒಳ್ಳೆಯ ಚಾರ್ಜಿನ ಸೆಲ್ಲಿನ ದೊಡ್ಡ ಉಪಕಾರ ಅಲ್ಲಿದೆ: ಕೆಲಸಕ್ಕೆ ಹೊರಡುವ ದಿನವೆಲ್ಲ ಕಂಜೂಸಿ ಮಾಡದೆ ಪೂರ್ತಿ ತುಂಬಿದ ಜೋಡಿಯನ್ನು ಹಾಕಿಕೊಳ್ಳಬಹುದು.

ಮೇಸ್ತ್ರಿ ಒಪ್ಪಲಿಲ್ಲ. ಸೋಮವಾರ ಅದೇ ಗುಂಡಿಗೆ ಮತ್ತೆ ಇಳಿಯಬೇಕಿತ್ತು, ಸ್ವಿಚ್ಚು ಇನ್ನೂ ಬದಲಾಗಿರಲಿಲ್ಲ. ಅಷ್ಟರೊಳಗೆ ಅವನನ್ನು ಒಪ್ಪಿಸದಿದ್ದರೆ ತಾನು ಬೇಕರಿಯಲ್ಲಿ ನಿಂತು ಹಿಟ್ಟು ಕತ್ತರಿಸಲಾರೆ ಎಂದು ತಕ್ಕಡಿ ಅಕ್ಕನಿಗೆ ಗೊತ್ತಿತ್ತು.

ಭಾನುವಾರ ಬೆಳಗ್ಗೆ ಪರೀಕ್ಷೆ. ಒಂದೇ ತರಹದ ಎರಡು ಟಾರ್ಚು, ಮೇಸ್ತ್ರಿಯದು ಮತ್ತು ತಮ್ಮನದು. ಒಂದಕ್ಕೆ ಹಗುರ ಸೆಲ್ಲಿನ ಪೊಟ್ಟಣದಲ್ಲಿ ಉಳಿದಿದ್ದ, ಒಮ್ಮೆಯೂ ಬಳಸದ ಜೋಡಿ. ಇನ್ನೊಂದಕ್ಕೆ ಮೇಡಂ ಅವರ ಜೋಡಿ. ಎರಡೂ ಮೇಡಂ ಅವರ ಚಾರ್ಜರಿನಲ್ಲೇ ತುಂಬಿದವು. ಆ ಚಾರ್ಜರಿನಲ್ಲಿ ನಾಲ್ಕು ಮನೆ, ಪ್ರತಿ ಮನೆಗೂ ಬೇರೆ ದೀಪ. ಯಾವ ಸೆಲ್ಲು ತುಂಬಿತೋ ಅದಕ್ಕೆ ತಾನೇ ನಿಲ್ಲಿಸುತ್ತದೆ. ಮೋಸ ಆಗಬಾರದೆಂದು ಸೆಲ್ಲು ಹಾಕಿದವನು ಮೇಸ್ತ್ರಿಯೇ. ಒಂಬತ್ತಕ್ಕೆ ಹಚ್ಚಿ ಎರಡನ್ನೂ ಅಲಮಾರಿನ ಕತ್ತಲೆ ಖಾನೆಯಲ್ಲಿಟ್ಟರು.

ಒಂಬತ್ತು ನಲವತ್ತಕ್ಕೆ 4700 ಎಂದು ಬರೆದದ್ದು ಆರಿತು. ಮಂಕಾಗಲಿಲ್ಲ, ಕೆಮ್ಮಲಿಲ್ಲ, ಗುಂಡಿಯಲ್ಲಿ ಆರಿದ ಹಾಗೆಯೇ ಆರಿತು. ಇನ್ನೊಂದು ಉರಿಯುತ್ತಲೇ ಇತ್ತು. ಮೇಸ್ತ್ರಿ ಅರ್ಧ ಗಂಟೆಗೊಮ್ಮೆ ಅಲಮಾರು ತೆರೆದು ನೋಡಿ ಮುಚ್ಚುತ್ತಿದ್ದ. ಊಟ ಆಯಿತು. ಪಾತ್ರೆ ತೊಳೆದದ್ದಾಯಿತು. ಎರಡೂಕಾಲಿಗೆ ಅದು ಆರಿತು.

"ಹೊಸದೇ ನಲವತ್ತು ನಿಮಿಷ," ಎಂದಳು ಹೆಂಡತಿ. "ನೀವು ಗುಂಡಿಗೆ ಹಾಕ್ಕೊಂಡು ಇಳಿದದ್ದು ನಾಲ್ಕು ತಿಂಗಳು ಸೀದದ್ದು, ರೀ."

ಸಂಜೆ ಅವಳು ಸೆಲ್ಲು, ಚಾರ್ಜರು, ಪೊಟ್ಟಣ ಎಲ್ಲ ಹಿಡಿದು ಅವನ್ನು ಕೊಂಡಿದ್ದ ಅಂಗಡಿಗೆ ಹೊರಟಳು. ತಮ್ಮ ಹಿಂದೆ ಬಂದ. ಅಂಗಡಿಯವನು ಮೊಳೆ ತೂಗುತ್ತಿದ್ದ. ಅವಳು ಮೊಳೆ ಸರಿಸಿ ಅವನ ತಕ್ಕಡಿಗೇ ಸೆಲ್ಲು ಇಟ್ಟಳು. ಪಕ್ಕದಲ್ಲಿ ಮೇಡಂ ಅವರದನ್ನು ಇಟ್ಟಳು. ಅವನು ಎರಡೂ ಸಂಖ್ಯೆ ಓದಿ, ಪೊಟ್ಟಣದ ಮೇಲಿರುವುದನ್ನು ಬರೆದವನು ತಾನಲ್ಲ ಎಂದ. ಬರುವವರೆಲ್ಲ ದೊಡ್ಡ ಸಂಖ್ಯೆಯದನ್ನೇ ಕೇಳುತ್ತಾರೆ, ಸಣ್ಣ ಸಂಖ್ಯೆಯದು ಧೂಳು ಹಿಡಿಯುತ್ತದೆ ಎಂದ. ಗಿರಾಕಿಗಳು ತಲೆ ಎತ್ತಿ ನೋಡುವಂತೆ, ಆದರೆ ಕೂಗದೆ, ಅವಳು ಹೇಳಿದಳು:

"ನೀವು ಬರೀಲಿಲ್ಲ, ಸರಿ. ನಾವು ಓದಿ ನಂಬಿದ್ವಿ, ಅದೂ ಸರಿ. ಮಧ್ಯದಲ್ಲಿ ನನ್ನ ಗಂಡ ಲಿಫ್ಟಿನ ಕೆಳಗೆ ಮಲಗಿದ್ದ. ಈಗ ನಿಮಗೆ ಗೊತ್ತಾಯ್ತಲ್ಲ, ನಾಳೆಯಿಂದ ಮಾರಿದ್ರೆ ಗೊತ್ತಿದ್ದೇ ಮಾರಿದ ಹಾಗೆ."

ಅವನು ಚಾರ್ಜರನ್ನೂ ಸೆಲ್ಲನ್ನೂ ವಾಪಸು ತೆಗೆದುಕೊಂಡ. ಧೂಳು ಹಿಡಿದಿದ್ದ ಖಾನೆಯಿಂದ 2000 ಎಂದು ಬರೆದ ಎರಡು ಜೋಡಿಯನ್ನು, ನಾಲ್ಕು ದೀಪದ ಚಾರ್ಜರನ್ನು ಇಳಿಸಿದ. ಅವಳು ಒಂದೊಂದು ಸೆಲ್ಲನ್ನೂ ಅಂಗೈಯಲ್ಲಿ ತೂಗಿಯೇ ಚೀಲಕ್ಕೆ ಹಾಕಿದಳು.

ಮನೆಗೆ ಬಂದಾಗ ಮೇಸ್ತ್ರಿ ನಾಳೆಯ ಕೆಲಸದ ಚೀಲ ತುಂಬುತ್ತಿದ್ದ. ಹೊಸ ಸೆಲ್ಲು ನೋಡಿ, ಸರಿ ಇಡು, ಇದನ್ನೇ ಹಾಕುತ್ತೇನೆ, ಇನ್ನೇನು, ಎಂದ. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡ. ಮೂರು ದಿನದಿಂದ ಬಾಯಿ ಬಿಡದಿದ್ದ ಬಾಮೈದ ಆಗ ಮಾತಾಡಿದ.

"ನಾನು ಮೇಲೆ ನಿಲ್ಲಲ್ಲ ಭಾವ."

ಮೇಸ್ತ್ರಿ ತಲೆ ಎತ್ತಿದ.

"ಸೆಲ್ಲು ಎಷ್ಟೇ ಒಳ್ಳೇದಿರಲಿ. ಬೆಳಕು ಹೋದ್ರೆ ಇಳಿಸು ಅನ್ನೋ ಲೆಕ್ಕ ಇನ್ನು ಇಲ್ಲ. ಬೆಳಕು ಹೋದ್ರೆ ನಿಲ್ಲಿಸು ಅಂತ ಇರ್ಲಿ. ನೀನು ಹೊರಗೆ ಬಂದು ನಿನ್ನ ಮುಖ ತೋರಿಸಿ, ನಿನ್ನ ಬಾಯಲ್ಲಿ ಹೇಳೋ ತನಕ ನಾನು ಬಟನ್ ಮುಟ್ಟಲ್ಲ. ಕೆಂಪು ಸ್ವಿಚ್ಚು ಸರಿ ಆಗೋ ತನಕ ಮೇಲಿನ ಮೇನ್ ಆಫ್ ಮಾಡಿ ಬೀಗ ಹಾಕ್ತೀನಿ, ಕೀಲಿ ನಿನ್ನ ಜೇಬಲ್ಲಿ. ಇಲ್ಲಾಂದ್ರೆ ಬೇರೆ ಜೋಡಿ ನೋಡ್ಕೋ."

ಎಂಟು ವರ್ಷದಲ್ಲಿ ಅವನು ಭಾವನಿಗೆ ಎದುರು ಹೇಳಿದ್ದು ಅದೇ ಮೊದಲು. ಮೇಸ್ತ್ರಿ ಕೈಯಲ್ಲಿದ್ದ ಚೀಲ ಕೆಳಗಿಟ್ಟ. ಬಟನ್ನು ಒತ್ತಿದ ಆ ಬೆರಳು ಮೂರು ದಿನದಿಂದ ತಟ್ಟೆಯ ಅನ್ನವನ್ನೂ ಸರಿಯಾಗಿ ಕಲಸಿರಲಿಲ್ಲ ಎಂಬುದು ಅವನಿಗೆ ಆಗ ಕಂಡಿತು. ಕತ್ತಲಲ್ಲಿ ತಾನೊಬ್ಬನೇ ಇರಲಿಲ್ಲ ಎಂದು ಅರ್ಥವಾಯಿತು.

"ಆಯ್ತಪ್ಪ," ಎಂದ. "ಬಾಯಲ್ಲೇ ಹೇಳ್ತೀನಿ."

ಆಮೇಲೆ ತಾನಾಗಿಯೇ ಕೂತು, ಹೆಂಡತಿಯ ಉಗುರುಬಣ್ಣದ ಸೀಸೆ ಕೇಳಿ, ಒಂದು ಜೋಡಿಗೆ ಒಂದು ಚುಕ್ಕೆ, ಇನ್ನೊಂದು ಜೋಡಿಗೆ ಎರಡು ಚುಕ್ಕೆ ಇಟ್ಟ. ಜೊತೆಗೆ ತುಂಬಿದವು ಜೊತೆಗೇ ಕೆಲಸ ಮಾಡಬೇಕು, ಜೊತೆಗೇ ಮತ್ತೆ ತುಂಬಬೇಕು. ಕೈಮೀರಿದರೆ ಇರಲೆಂದು ಎರಡನೆಯ ಜೋಡಿ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ. ಸ್ಪ್ಯಾನರು, ಕೀಲಿಕೈಗಳ ಜೊತೆ ಬರಿ ಸೆಲ್ಲು ಜೇಬಿನಲ್ಲಿದ್ದರೆ ಲೋಹ ತಾಗಿ ಸುಡುತ್ತದೆ ಎಂದು ಮೇಡಂ ಹೇಳಿದ್ದನ್ನು ಅವನು ಗೊಣಗುತ್ತಲೇ ನೆನಪಿಟ್ಟುಕೊಂಡಿದ್ದ. ಸೋಮವಾರ ಬಾಮೈದ ಮೇನ್ ಆಫ್ ಮಾಡಿ ಬೀಗ ಹಾಕಿದ, ಮೇಸ್ತ್ರಿ ಗುಂಡಿಗೆ ಇಳಿದು ಸ್ವಿಚ್ಚು ಬದಲಾಯಿಸಿದ, ಹನ್ನೆರಡೂವರೆಗೆ ಹೊರಗೆ ಬಂದು ಬಾಮೈದನಿಗೆ ಮುಖ ತೋರಿಸಿ, ಬಂದೆ ಎಂದು ಬಾಯಲ್ಲೇ ಹೇಳಿದ. ಹೇಳಿದ್ದನ್ನು ಬೇಕರಿಗೂ ಫೋನು ಮಾಡಿ ಹೇಳಿದ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ಈ ಸಿಟ್ಟನ್ನು ನೀವೂ ಸ್ವಲ್ಪ ಹಂಚಿಕೊಳ್ಳಿ. ಬಾವಿಯ ಪಂಪಿಗೆ ಇಳಿಯುವವರು, ಗೋದಾಮಿನಲ್ಲಿ ಮೂಟೆ ಎಣಿಸುವವರು, ಹೆರಿಗೆ ಮಾಡಿಸಲು ಮನೆಮನೆಗೆ ಹೋಗುವವರು, ಕರೆಂಟು ಹೋದ ಮೆಟ್ಟಿಲು ಇಳಿಯುವ ಮುದುಕರು, ಎಲ್ಲರೂ ಎರಡು ಸೆಲ್ಲನ್ನು ನಂಬಿ ಕಾಲಿಡುತ್ತಾರೆ. ಆ ನಂಬಿಕೆಯಲ್ಲಿ ತೂಕ ಕದಿಯಲು ಯಾರಿಗೂ ಹಕ್ಕಿಲ್ಲ. ಸೆಲ್ಲು ಕೊಳ್ಳುವಾಗ ದೊಡ್ಡ ಸಂಖ್ಯೆ ಕೇಳಬೇಡಿ, ಅಂಗೈಯಲ್ಲಿ ತೂಗಿ ನೋಡಿ. ನಿಮ್ಮ ಟಾರ್ಚಿಗೆ ಯಾವ ಜಾತಿಯ ಸೆಲ್ಲು ಎಂದು ಅದರ ಚೀಟಿಯಲ್ಲಿ ಓದಿ. ತಿಂಗಳುಗಟ್ಟಲೆ ಸುಮ್ಮನಿದ್ದರೂ ಚಾರ್ಜು ಉಳಿಸಿಕೊಳ್ಳುವ ಸೆಲ್ಲೇ ಬೇಕೆಂದು ಕೇಳಿ ಪಡೆಯಿರಿ. ಪ್ರತಿ ಸೆಲ್ಲಿಗೂ ಬೇರೆ ದೀಪ ಇರುವ, ತುಂಬಿದ ಮೇಲೆ ತಾನೇ ನಿಲ್ಲಿಸುವ ಚಾರ್ಜರೇ ತನ್ನಿ. ಬಳಸಿ ಬಿಸಾಡುವ ಸೆಲ್ಲನ್ನು ಎಂದೂ ಅದಕ್ಕೆ ಹಾಕಬೇಡಿ. ಲಿಥಿಯಂ ಸೆಲ್ಲಿನ ಟಾರ್ಚಾದರೆ ಅದಕ್ಕೆಂದೇ ಮಾಡಿದ ಚಾರ್ಜರು ಬಿಟ್ಟು ಬೇರೆಯದರ ತಂಟೆಗೆ ಹೋಗಬೇಡಿ; ಉಬ್ಬಿದ, ಸಿಪ್ಪೆ ಹರಿದ ಸೆಲ್ಲನ್ನು ಮತ್ತೆ ಚಾರ್ಜಿಗೆ ಇಡಬೇಡಿ, ಹಾಸಿಗೆಯ ಮೇಲಂತೂ ಯಾವುದನ್ನೂ ಇಡಬೇಡಿ. ಸತ್ತ ಸೆಲ್ಲು ಒಲೆಗಲ್ಲ, ಕಸಕ್ಕಲ್ಲ. ಅವನ್ನು ಸಂಗ್ರಹಿಸುವವರಿಗೆ ಕೊಡಿ. ಮೋಸದ ಪೊಟ್ಟಣ ಸಿಕ್ಕರೆ ಮನೆಯಲ್ಲಿ ಬೈದು ಸುಮ್ಮನಾಗಬೇಡಿ, ಕೊಂಡಲ್ಲಿಗೇ ತೆಗೆದುಕೊಂಡು ಹೋಗಿ ಮೇಜಿನ ಮೇಲಿಡಿ.

ನಿಮ್ಮ ಮನೆಯ ಟಾರ್ಚು ಈಗ ಎಲ್ಲಿದೆ? ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಎದ್ದು ಹೋಗಿ ತನ್ನಿ. ಹಿಂದಿನ ಮುಚ್ಚಳ ತಿರುಗಿಸಿ. ಒಳಗೆ ಇರುವುದೇನೆಂದು ಹಗಲಿರುವಾಗಲೇ ನೋಡಿ.